ಗಡಿಯ ಕಲ್ಲೂ ಒಕ್ಕಲಿಗನ ಹೊಣೆಯೂ

ಹಳ್ಳಿಗಳಲ್ಲಿ ಹೊಲಗಳ ವಿಷಯವಾಗಿ ಜಗಳ ಹುಟ್ಟುವಾಗ ಮೊದಲು ಕೇಳಿಬರುವ ಮಾತು ಯಾವದೆಂದರೆ, "ಹೊಲ ನನ್ನದು, ನನ್ನ ಹೊಲದಲ್ಲಿ ನಾನು ಏನು ಮಾಡಿದರೆ ನಿನಗೇನು?" ಎಂಬದೇ. ಈ ಮಾತನ್ನಾಡುವವನು ಕೆಟ್ಟವನೇ ಆಗಿರಬೇಕೆಂದಿಲ್ಲ. ಆತನು ಬೆವರು ಸುರಿಸಿ ದುಡಿದು, ಸಾಲ ತೀರಿಸಿ, ಕಂದಾಯ ಕಟ್ಟಿ ಆ ನೆಲವನ್ನು ಉಳಿಸಿಕೊಂಡವನಾಗಿರಬಹುದು. ಆದರೂ ಆತನ ಮಾತು ನಿಜವೋ ಎಂದು ನಾವು ವಿಚಾರಿಸತಕ್ಕದ್ದು. ಯಾಕಂದರೆ ಈ ಒಂದು ಮಾತನ್ನು ನಂಬಿ ನಡೆಯುವದರಿಂದಲೇ ಎಷ್ಟೋ ಬಾವಿಗಳು ಬತ್ತಿದವು, ಎಷ್ಟೋ ಹೊಲಗಳು ಕೊರಕಲು ಬಿದ್ದವು, ಎಷ್ಟೋ ಬಣವೆಗಳು ಸುಟ್ಟು ಬೂದಿಯಾದವು.

ಈ ಮಾತಿನಲ್ಲಿ ನಿಜವಾದ ಅಂಶವೊಂದುಂಟು. ಅದನ್ನು ಮೊದಲು ಒಪ್ಪಿಕೊಳ್ಳೋಣ. ಹೊಲಕ್ಕೆ ಒಡೆಯನೊಬ್ಬನು ಇರುವದು ಒಳ್ಳೇದು. ಎಲ್ಲರದೂ ಆದ ನೆಲವನ್ನು ಅನೇಕ ಸಾರಿ ಯಾರೂ ನೋಡಿಕೊಳ್ಳುವದಿಲ್ಲ. ಇದು ನನ್ನದು, ನನ್ನ ಮಕ್ಕಳದು ಎಂದು ತಿಳಿದವನೇ ಕಲ್ಲು ಆರಿಸಿ, ಗೊಬ್ಬರ ಹೊತ್ತು, ಬದುವಿನ ಮೇಲೆ ಗಿಡ ನೆಡುವನು. ಹೀಗಿರಲಾಗಿ ಗಡಿಯ ಕಲ್ಲನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಅದನ್ನು ರಾತ್ರಿಯಲ್ಲಿ ಸರಿಸುವವನು ಕಳ್ಳನೇ ಸರಿ.

ಆದರೆ ಆ ಕಲ್ಲು ಹೇಳುವದೇನು? ಇಲ್ಲಿಯ ವರೆಗೆ ಬಿತ್ತುವವನೂ ಕೊಯ್ಯುವವನೂ ಇಂಥವನು ಎಂಬಷ್ಟೇ. ಅದು ಹಕ್ಕಿನ ಮೇರೆಯನ್ನು ತೋರಿಸುತ್ತದೆ. ಹೊಣೆಯ ಮೇರೆಯನ್ನು ತೋರಿಸುವದಿಲ್ಲ. ಮನುಷ್ಯರು ಕಲ್ಲನ್ನು ನೋಡಿ ನಿಲ್ಲುವರು. ಆದರೆ ಒಕ್ಕಲುತನಕ್ಕೆ ಆಧಾರವಾಗಿರುವ ಮೂರು ವಸ್ತುಗಳು ಆ ಕಲ್ಲನ್ನು ಕಂಡು ನಿಲ್ಲುವದಿಲ್ಲ. ಅವು ಯಾವವೆಂದರೆ, ಮಣ್ಣು, ನೀರು, ಬೆಂಕಿ. ಇವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಮಣ್ಣು. ವಿಜಯಪುರ, ಗದಗ, ಧಾರವಾಡ ಸೀಮೆಗಳ ಎರೆಭೂಮಿಯನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಎರೆಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡ ಮೇಲೆ ಬಿರುಸಾದ ಮಳೆಯ ನೀರು ಒಳಗೆ ಇಳಿಯಲಾರದೆ ಇಳಿಜಾರಿನ ಮೇಲೆ ಹರಿದುಹೋಗುತ್ತದೆ. ಬರಿಗೈಯಲ್ಲಿ ಹೋಗದೆ ಮೇಲಿನ ಒಳ್ಳೇ ಮಣ್ಣನ್ನು ಹೊತ್ತುಕೊಂಡೇ ಹೋಗುತ್ತದೆ. ಒಂದು ಅಂಗುಲದಷ್ಟು ಮೇಲ್ಮಣ್ಣು ಹುಟ್ಟಲಿಕ್ಕೆ ನೂರಾರು ವರ್ಷಗಳು ಬೇಕೆಂದು ಭೂಮಿಯನ್ನು ಪರೀಕ್ಷಿಸಿದ ಪಂಡಿತರು ಹೇಳುತ್ತಾರೆ. ಅದು ಕೊಚ್ಚಿಹೋಗಲಿಕ್ಕೋ ಕೆಲವು ಮಳೆಗಾಲಗಳು ಸಾಕು. ಮೇಲಿನ ಹೊಲದವನು ಇಳಿಜಾರಿನ ಗುಂಟ ಮೇಲಿಂದ ಕೆಳಗೆ ನೇಗಿಲು ಹೊಡೆದರೆ, ಪ್ರತಿಯೊಂದು ಸಾಲೂ ಒಂದು ಕಾಲುವೆಯಾಗಿ, ಆತನ ಮಣ್ಣು ಹಳ್ಳಕ್ಕೂ ಆತನ ನೀರು ಕೆಳಗಿನವನ ಬೆಳೆಯ ಮೇಲೂ ಹೋಗುವದು. ಇಳಿಜಾರಿಗೆ ಅಡ್ಡಲಾಗಿ ಉತ್ತರೆ ಪ್ರತಿಯೊಂದು ಸಾಲೂ ಒಂದು ಚಿಕ್ಕ ಒಡ್ಡಾಗಿ ನೀರನ್ನು ತಡೆಯುವದು. ಎತ್ತುಗಳು ಅವೇ, ನೇಗಿಲು ಅದೇ, ದಿನದ ಕೆಲಸವೂ ಅಷ್ಟೇ. ಆದರೂ ಒಂದರಿಂದ ಇಬ್ಬರಿಗೆ ನಷ್ಟ, ಇನ್ನೊಂದರಿಂದ ಇಬ್ಬರಿಗೆ ಲಾಭ.

ಇದೇ ಕಾರಣದಿಂದ ೧೯೪೨ನೆಯ ಇಸವಿಯಲ್ಲಿ ಮುಂಬಯಿ ಪ್ರಾಂತದ ಸರಕಾರವು ಭೂಮಿಯ ಸುಧಾರಣೆಯ ಯೋಜನೆಗಳಿಗಾಗಿ ಒಂದು ಕಾಯಿದೆಯನ್ನು ಮಾಡಿತು. ಧಾರವಾಡ, ವಿಜಾಪುರ, ಬೆಳಗಾವಿ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. ಆ ಯೋಜನೆಗಳಲ್ಲಿ ಒಡ್ಡುಗಳನ್ನು ಒಬ್ಬೊಬ್ಬನ ಹೊಲದ ಅಂಚಿನಲ್ಲಿ ಹಾಕದೆ, ನೆಲದ ಸಮಮಟ್ಟವನ್ನು ಅನುಸರಿಸಿ ಅನೇಕರ ಹೊಲಗಳನ್ನು ದಾಟುವಂತೆ ಹಾಕಿದರು. ಯಾಕೆ? ನೀರು ಸರ್ವೇ ನಂಬ್ರವನ್ನು ಓದುವದಿಲ್ಲ. ಮೋಜಣಿದಾರನು ಎಳೆದ ಗೆರೆ ಬೇರೆ, ನೆಲವು ತಾನೇ ಎಳೆದುಕೊಂಡ ಗೆರೆ ಬೇರೆ. ಮೊದಲನೆಯದನ್ನು ಮಾತ್ರ ಅನುಸರಿಸುವ ಒಕ್ಕಲಿಗನು ಕಾಗದದ ಮೇಲೆ ಒಡೆಯನಾಗಿರುವನು. ಎರಡನೆಯದನ್ನೂ ಅರಿತವನು ಒಳ್ಳೇ ಒಕ್ಕಲಿಗನು.

ಎರಡನೆಯದು ನೀರು. ಕರ್ನಾಟಕದಲ್ಲಿ ದೊಡ್ಡವೂ ಚಿಕ್ಕವೂ ಕೂಡಿ ಮೂವತ್ತು ಸಾವಿರಕ್ಕೆ ಮಿಕ್ಕಿ ಕೆರೆಗಳಿವೆ. ಕೋಲಾರದಂಥ ಸೀಮೆಗಳಲ್ಲಿ ಇವು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿದ್ದವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಹೋಗುವದು. ನೀರಗಂಟಿ ಎಂಬವನು ತೂಬನ್ನು ತೆರೆದು ಮುಚ್ಚಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂಬದನ್ನು ನಡಿಸುತ್ತಿದ್ದನು. ಬೇಸಗೆಯಲ್ಲಿ ಊರವರು ಕೆರೆಯ ಗೋಡುಮಣ್ಣನ್ನು ತೆಗೆದು ಹೊಲಗಳಿಗೆ ಹಾಕುವರು. ಇದರಿಂದ ಕೆರೆಯ ಹೂಳೂ ಹೋಗುವದು, ಹೊಲಕ್ಕೆ ಗೊಬ್ಬರವೂ ಆಗುವದು. ದಕ್ಷಿಣ ಕನ್ನಡದಲ್ಲಿಯೂ ಕಾಸರಗೋಡಿನಲ್ಲಿಯೂ ಮಳೆ ನಿಂತ ಬಳಿಕ ಊರವರು ಕೂಡಿ ತೋಡುಗಳಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳಿಂದ ಕಟ್ಟಗಳನ್ನು ಕಟ್ಟುತ್ತಿದ್ದರು. ಕೆಲವು ಊರುಗಳಲ್ಲಿ ಈಗಲೂ ಕಟ್ಟುತ್ತಾರೆ. ಕಟ್ಟದಲ್ಲಿ ನಿಂತ ನೀರು ಎರಡೂ ದಡಗಳ ಭೂಮಿಯೊಳಗೆ ಇಂಗಿ, ಕೆಲಸಕ್ಕೆ ಬಂದವನ ಬಾವಿಯಲ್ಲಿಯೂ ಬಾರದವನ ಬಾವಿಯಲ್ಲಿಯೂ ಏರುತ್ತದೆ.

ಆಮೇಲೆ ಕೊಳವೆಬಾವಿಗಳು ಬಂದವು. ಅವುಗಳಿಂದ ಅನೇಕ ಬಡ ಕುಟುಂಬಗಳಿಗೆ ಅನ್ನ ಸಿಕ್ಕಿತೆಂಬದನ್ನು ಮರೆಯಬಾರದು. ಆದರೆ ಅವುಗಳ ಸಂಗಡ ಒಂದು ಹೊಸ ಯೋಚನೆಯೂ ಬಂತು. ಕೆರೆಯ ನೀರು ಊರದು. ಕೊಳವೆಯ ನೀರೋ ನನ್ನದು ಎಂದು ಜನರು ತಿಳಿದರು. ಕಾಯಿದೆಯೂ ಸ್ವಲ್ಪಮಟ್ಟಿಗೆ ಹಾಗೆಯೇ ಹೇಳಿತು. ೧೮೮೨ನೆಯ ಈಸ್‌ಮೆಂಟ್ಸ್ ಆಕ್ಟ್ ಎಂಬದರಲ್ಲಿ, ನಿಶ್ಚಿತವಾದ ಕಾಲುವೆಯಲ್ಲಿ ಹರಿಯದೆ ನೆಲದೊಳಗಿರುವ ನೀರನ್ನು ಆ ನೆಲದ ಒಡೆಯನು ತನ್ನ ಮೇರೆಯೊಳಗೆ ಕೂಡಿಸಿಕೊಂಡು ಉಪಯೋಗಿಸಬಹುದೆಂಬ ಹಕ್ಕು ಉಂಟು. ಎತ್ತಿನ ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲಕ್ಕೆ ಅದರಿಂದ ಹೆಚ್ಚು ಕೇಡಾಗಲಿಲ್ಲ. ಎತ್ತು ದಣಿಯುವದು, ರಾತ್ರಿಯಲ್ಲಿ ಬಾವಿಗೆ ವಿಶ್ರಾಂತಿ ಸಿಗುವದು. ಆದರೆ ಯಂತ್ರಕ್ಕೆ ದಣಿವಿಲ್ಲ. ಒಬ್ಬನು ಮುನ್ನೂರು ಅಡಿ ಕೊರೆದರೆ ನೆರೆಯವನ ಇನ್ನೂರು ಅಡಿಯ ಬಾವಿ ಬತ್ತುವದು. ಆತನು ಸಾಲ ಮಾಡಿ ಐನೂರು ಅಡಿ ಕೊರೆದರೆ ಮೊದಲನೆಯವನದು ಬತ್ತುವದು. ಕೋಲಾರ ಸೀಮೆಯಲ್ಲಿ ಹೀಗೆ ಇಳಿಯುತ್ತಾ ಇಳಿಯುತ್ತಾ ಸಾವಿರ ಅಡಿಗಳನ್ನೂ ದಾಟಿದರು. ಅಲ್ಲಿ ಸಿಕ್ಕಿದ ನೀರಿನಲ್ಲಿ ಅನೇಕ ಕಡೆಗಳಲ್ಲಿ ಹಲ್ಲನ್ನೂ ಎಲುಬನ್ನೂ ಕೆಡಿಸುವ ಫ್ಲೋರೈಡು ಇತ್ತು. ಕಡೆಗೆ ೨೦೧೧ರಲ್ಲಿ ಅಂತರ್ಜಲದ ವಿಷಯವಾಗಿ ರಾಜ್ಯದ ಕಾಯಿದೆಯೊಂದು ಬಂತು. ಗೊತ್ತುಮಾಡಲ್ಪಟ್ಟ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಕೊಳವೆಬಾವಿ ಕೊರೆಯಬಾರದೆಂದು ಅದು ವಿಧಿಸಿತು.

ಇಲ್ಲಿ ನಾವು ಕಲಿಯತಕ್ಕ ಪಾಠವು ಯಾವದು? ಕಾಯಿದೆಯು ಬಿಟ್ಟದ್ದೆಲ್ಲಾ ನ್ಯಾಯವಲ್ಲ. ೧೮೮೨ರಿಂದ ೨೦೧೧ರ ವರೆಗೆ ನೆರೆಯವನ ಬಾವಿಯನ್ನು ಬತ್ತಿಸಿದ ಒಕ್ಕಲಿಗನು ಬಹುಶಃ ಯಾವ ಕಾಯಿದೆಯನ್ನೂ ಮೀರಿದವನಲ್ಲ. ಆದರೂ ನೆರೆಯವನ ಮಗಳು ಕೊಡ ಹೊತ್ತು ಹರದಾರಿ ನಡೆಯುವಂತಾದರೆ, ಆತನ ಮನಸ್ಸಾಕ್ಷಿಯು ಮೌನವಾಗಿರಬಹುದೋ? ಸರಕಾರದ ಕಾಯಿದೆಯು ಮನುಷ್ಯರ ಹಿಂದೆ ಕುಂಟುತ್ತಾ ಬರುವದು. ಮನಸ್ಸಾಕ್ಷಿಯಾದರೋ ಮುಂದಾಗಿ ಹೋಗಿ ದಾರಿಯನ್ನು ನೋಡತಕ್ಕದ್ದು.

ಮೂರನೆಯದು ಬೆಂಕಿ. ಇದು ಒಕ್ಕಲಿಗನ ಆಳಾಗಿದ್ದರೆ ಬಹು ಒಳ್ಳೇದು. ದಕ್ಷಿಣ ಕನ್ನಡದವರು ತರಗೆಲೆಗಳ ಮೇಲೆ ಮಣ್ಣನ್ನು ಹಾಕಿ ಮೆಲ್ಲಗೆ ಸುಟ್ಟು ಸುಡುಮಣ್ಣು ಮಾಡಿ ತರಕಾರಿಯ ಬುಡಕ್ಕೂ ಮಲ್ಲಿಗೆಯ ಬುಡಕ್ಕೂ ಹಾಕುತ್ತಾರೆ. ಅಲ್ಲಿ ಬೆಂಕಿಯು ಮಣ್ಣಿನ ಹೊದಿಕೆಯೊಳಗೆ ಕಟ್ಟುಬಿದ್ದಿರುತ್ತದೆ. ಆದರೆ ಕಬ್ಬು ಕಡಿದ ಮೇಲೆ ಉಳಿಯುವ ರವದಿಗೆ, ಬದುವಿನ ಒಣಹುಲ್ಲಿಗೆ, ಬೇಲಿಯ ಮುಳ್ಳಿಗೆ ಕಡ್ಡಿ ಗೀರಿ ಮನೆಗೆ ಹೋಗುವ ರೂಢಿಯು ಬೇರೆ. ಅದರಲ್ಲಿ ಎರಡು ನಷ್ಟಗಳಿವೆ. ಒಂದು, ಸ್ವಂತ ನಷ್ಟ. ರವದಿಯನ್ನು ಸಾಲುಗಳ ನಡುವೆ ಹಾಸಿದರೆ ಅದು ತೇವವನ್ನು ಕಾಪಾಡಿ, ಕಳೆಯನ್ನು ಅಡಗಿಸಿ, ಕೊಳೆತು ಗೊಬ್ಬರವಾಗುವದು. ಸುಟ್ಟರೆ ಅದರ ಸಾರಜನಕವು ಹೊಗೆಯಾಗಿ ಹೋಗುವದು, ಮೇಲ್ಮಣ್ಣಿನ ಜೀವಜಂತುಗಳು ಸಾಯುವವು. ಇನ್ನೊಂದು, ನೆರೆಯವನ ನಷ್ಟ. ಇದನ್ನು ಕುರಿತು ಸ್ವಲ್ಪ ನಿಂತು ಯೋಚಿಸೋಣ.

ಫೆಬ್ರುವರಿಯಿಂದ ಏಪ್ರಿಲಿನ ವರೆಗೆ ನಮ್ಮ ಸೀಮೆಗಳಲ್ಲಿ ಹುಲ್ಲು ಎಲೆಗಳೆಲ್ಲಾ ಒಣಗಿ ಗರಿಗರಿಯಾಗಿರುತ್ತವೆ. ಹೊತ್ತು ಏರಿದಂತೆ ಗಾಳಿಯೂ ಏಳುತ್ತದೆ. ಆಗ ಒಂದು ಕಿಡಿಯು ಬಯಲನ್ನು ದಾಟಲಿಕ್ಕೆ ಬಹಳ ಹೊತ್ತು ಬೇಕಾಗುವದಿಲ್ಲ. ೨೦೧೯ನೆಯ ಫೆಬ್ರುವರಿಯಲ್ಲಿ ಬಂಡೀಪುರದ ಅಡವಿಗೆ ಬಿದ್ದ ಬೆಂಕಿಯು ಕೆಲವೇ ದಿನಗಳಲ್ಲಿ ಸಾವಿರಾರು ಎಕರೆಗಳನ್ನು ಸುಟ್ಟದ್ದನ್ನು ಅನೇಕರು ಕೇಳಿರಬಹುದು. ಒಕ್ಕಲಿಗನ ಕಣದಲ್ಲಿ ಬೀಳುವ ಬೆಂಕಿಯ ಸುದ್ದಿ ಅಷ್ಟು ದೂರ ಹೋಗುವದಿಲ್ಲ. ಆದರೆ ಅದು ಬಿದ್ದ ಮನೆಗೆ ಅದು ಚಿಕ್ಕದಲ್ಲ. ಬಣವೆ ಸುಟ್ಟುಹೋದವನ ಸ್ಥಿತಿಯನ್ನು ಎಣಿಸಿರಿ. ಮುಂದಿನ ಮಳೆಯ ವರೆಗೆ ದನಗಳಿಗೆ ಮೇವಿಲ್ಲ. ಊರಲ್ಲಿ ಕೊಂಡುಕೊಳ್ಳೋಣವೆಂದರೆ ಬೇಸಗೆಯಲ್ಲಿ ಬೆಲೆ ಹೆಚ್ಚು. ಎತ್ತುಗಳನ್ನು ಅರ್ಧ ಬೆಲೆಗೆ ಸಂತೆಯಲ್ಲಿ ಮಾರುವನು. ಮಳೆ ಬಂದಾಗ ಬಾಡಿಗೆಯ ಎತ್ತನ್ನೋ ಯಂತ್ರವನ್ನೋ ಕಾದುಕೊಂಡು ಹದ ತಪ್ಪಿ ಬಿತ್ತುವನು. ಬೆಳೆ ಕಡಿಮೆಯಾಗಿ ಸಾಲ ಹೆಚ್ಚುವದು, ಮಗನ ಶಾಲೆ ನಿಲ್ಲುವದು. ಇಷ್ಟಕ್ಕೂ ಕಾರಣವು ಮೂರು ಹೊಲದ ಆಚೆ ಒಬ್ಬನು ಮಧ್ಯಾಹ್ನ ಗೀರಿದ ಒಂದು ಕಡ್ಡಿ.

ಆ ಮನುಷ್ಯನನ್ನು ಕೇಳಿದರೆ, "ನಾನು ಬೇಕೆಂದು ಮಾಡಲಿಲ್ಲ; ಗಾಳಿ ಬಂತು, ನಾನೇನು ಮಾಡಲಿ?" ಎಂದು ಹೇಳುವನು. ಇದೇ ನಮ್ಮ ಪ್ರಶ್ನೆಯ ನಡುಗಂಬವು. ಕೇಡು ಮಾಡಬೇಕೆಂಬ ಮನಸ್ಸು ಇಲ್ಲದವನ ಮೇಲೆ ಕೇಡಿನ ಹೊಣೆಯು ಬೀಳುವದೋ?

ಆತನು ಹೇಳುವದು ಸುಳ್ಳಲ್ಲ. ದ್ವೇಷದಿಂದ ಬಣವೆಗೆ ಬೆಂಕಿಯಿಟ್ಟವನಿಗೂ ಈತನಿಗೂ ಬಹಳ ವ್ಯತ್ಯಾಸವುಂಟು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ಅನ್ಯಾಯ. ಆದರೆ ಆತನು ಗಾಳಿಯ ಮೇಲೆ ತಪ್ಪು ಹೊರಿಸುವದು ಸರಿಯಲ್ಲ. ಗಾಳಿಯು ಆ ದಿನ ಹೊಸದಾಗಿ ಹುಟ್ಟಿತೋ? ಬೇಸಗೆಯ ಮಧ್ಯಾಹ್ನದಲ್ಲಿ ಗಾಳಿ ಏಳುವದೆಂಬದನ್ನು ಆತನ ಅಜ್ಜನೂ ಬಲ್ಲನು, ಆತನೂ ಬಲ್ಲನು. ತನಗೆ ತಿಳಿದದ್ದನ್ನು ಲಕ್ಷ್ಯಕ್ಕೆ ತಂದುಕೊಳ್ಳದೆ ಇರುವದು ಸಹ ಒಂದು ಕೃತ್ಯವೇ. ನಾವು ಏನನ್ನು ಬಯಸಿದೆವು ಎಂಬದಕ್ಕೆ ಮಾತ್ರವಲ್ಲ, ಏನನ್ನು ಬಿಟ್ಟುಬಿಟ್ಟೆವು ಎಂಬದಕ್ಕೂ ನಾವು ಲೆಕ್ಕ ಒಪ್ಪಿಸತಕ್ಕವರು. ಬೆಂಕಿ ಹಚ್ಚುವ ಅಧಿಕಾರವನ್ನು ಕೈಗೆ ತೆಗೆದುಕೊಂಡವನು, ಆ ಬೆಂಕಿ ಹೋಗುವಷ್ಟು ದೂರದ ಹೊಣೆಯನ್ನೂ ತೆಗೆದುಕೊಂಡವನಾಗಿದ್ದಾನೆ.

ಈ ಮಾತು ಹೊಸದಲ್ಲ. ಮೋಶೆಯ ಧರ್ಮಶಾಸ್ತ್ರವನ್ನು ಓದುವವರು ವಿಮೋಚನಕಾಂಡದ ೨೧ನೆಯ ಮತ್ತು ೨೨ನೆಯ ಅಧ್ಯಾಯಗಳಲ್ಲಿ ಎರಡು ವಿಧಿಗಳನ್ನು ಕಾಣುವರು. ಮುಳ್ಳಿಗೆ ಹತ್ತಿದ ಬೆಂಕಿಯು ಹಬ್ಬಿ ಮತ್ತೊಬ್ಬನ ತೆನೆಯ ರಾಶಿಯನ್ನಾಗಲಿ ಪೈರನ್ನಾಗಲಿ ಸುಟ್ಟರೆ, ಹಚ್ಚಿದವನೇ ನಷ್ಟವನ್ನು ತುಂಬಿಕೊಡಬೇಕೆಂಬದು ಒಂದು. ಗುಂಡಿಯನ್ನು ತೋಡಿ ಮುಚ್ಚದೆ ಬಿಟ್ಟಿದ್ದರಿಂದ ಎತ್ತಾಗಲಿ ಕತ್ತೆಯಾಗಲಿ ಬಿದ್ದು ಸತ್ತರೆ, ತೋಡಿದವನೇ ಬೆಲೆ ಕೊಡಬೇಕೆಂಬದು ಇನ್ನೊಂದು. ಆ ವಿಧಿಗಳಲ್ಲಿ ಹಚ್ಚಿದವನ ಮನಸ್ಸಿನಲ್ಲಿ ದ್ವೇಷವಿತ್ತೋ ಎಂಬ ವಿಚಾರಣೆಯಿಲ್ಲ. ಅದೇ ರೀತಿಯಾಗಿ ಈ ದೇಶದ ದಂಡಸಂಹಿತೆಯು ೧೮೬೦ರಿಂದಲೂ, ೨೦೨೪ನೆಯ ಜುಲೈ ತಿಂಗಳಲ್ಲಿ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯು ಈಗಲೂ, ಪ್ರಾಣಕ್ಕೆ ಅಪಾಯವಾಗುವಂತೆ ಬೆಂಕಿಯ ವಿಷಯದಲ್ಲಿ ಅಜಾಗ್ರತೆಯಿಂದ ನಡೆಯುವದನ್ನು ಅಪರಾಧವೆಂದು ಎಣಿಸಿವೆ.

ಗುಂಡಿಯ ವಿಧಿಯು ನಮ್ಮ ಕಾಲಕ್ಕೆ ಎಷ್ಟು ಸಮೀಪವಾಗಿದೆ ನೋಡಿರಿ! ನೀರು ಸಿಕ್ಕದ ಕೊಳವೆಬಾವಿಯನ್ನು ಬಾಯಿ ತೆರೆದು ಬಿಟ್ಟು, ಅದರಲ್ಲಿ ಚಿಕ್ಕ ಮಕ್ಕಳು ಬಿದ್ದ ಸಂಗತಿಗಳು ನಮ್ಮ ರಾಜ್ಯದಲ್ಲಿ ಅನೇಕ ಸಾರಿ ನಡೆದಿವೆ. ೨೦೧೦ರಲ್ಲಿ ಸುಪ್ರೀಮ್ ಕೋರ್ಟು ಇಂಥ ಬಾವಿಗಳನ್ನು ಮುಚ್ಚತಕ್ಕ ರೀತಿಯ ವಿಷಯವಾಗಿ ಅಪ್ಪಣೆಗಳನ್ನು ಕೊಟ್ಟಿತು. ಆದರೂ ೨೦೨೪ನೆಯ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಎರಡು ವರ್ಷವೂ ತುಂಬದ ಕೂಸು ಬಿದ್ದಿತು. ಇಪ್ಪತ್ತು ತಾಸುಗಳಷ್ಟು ಪ್ರಯಾಸಪಟ್ಟ ಮೇಲೆ ಅದು ಜೀವಸಹಿತ ಮೇಲೆ ಬಂತು. ಎಲ್ಲಾ ಕೂಸುಗಳು ಹಾಗೆ ಬರಲಿಲ್ಲ. ನಾಲ್ಕು ಬುಟ್ಟಿ ಮಣ್ಣನ್ನೂ ಒಂದು ಮುಚ್ಚಳವನ್ನೂ ಹಾಕದೆ ಬಿಡುವದು ಮರೆವು ಎಂದು ನಾವು ಹೇಳುತ್ತೇವೆ. ತಾಯಿಯ ಮುಂದೆ ನಿಂತು ಆ ಮಾತನ್ನು ಹೇಳಬಲ್ಲೆವೋ?

ಇಷ್ಟಾದರೂ ಇನ್ನು ಕೆಲವು ಆಕ್ಷೇಪಣೆಗಳುಂಟು. ಅವುಗಳಿಗೆ ಉತ್ತರ ಕೊಡದೆ ಮುಂದೆ ಹೋಗುವದು ಸರಿಯಲ್ಲ.

"ನಾವು ಆ ನೆಲದ ಒಡೆಯರಲ್ಲ, ನಮಗೇಕೆ ಇಷ್ಟು ಚಿಂತೆ?" ಎಂದು ಕೆಲವರು ಕೇಳುವರು. ಮುಂಚೆ ಕರಾವಳಿಯಲ್ಲಿ ಚಾಲಗೇಣಿಯವರಿಗೆ ಮುಂದಿನ ವರ್ಷ ಅದೇ ಗದ್ದೆ ಇರುವದೋ ಇಲ್ಲವೋ ಎಂಬ ಭರವಸವೇ ಇರಲಿಲ್ಲ. ನಾಳೆ ಬಿಡಿಸಲ್ಪಡುವವನು ಇಂದು ಬದುವಿಗೆ ಕಲ್ಲು ಕಟ್ಟಬೇಕೆಂದು ಹೇಳುವವನ ಮಾತು ಕಠಿಣವಾದದ್ದೇ. ಆ ಅನ್ಯಾಯದಲ್ಲಿ ಗೇಣಿದಾರನಿಗಿಂತ ಧಣಿಯ ಪಾಲು ಹೆಚ್ಚು. ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರಾಗಿದ್ದ ಅನೇಕರು ತಾವೇ ಒಡೆಯರಾದರು. ಹಾಗಾದವರಿಗೆ ಆ ಹಳೇ ಮಾತು ಈಗ ಸಲ್ಲುವದಿಲ್ಲ. ಇನ್ನು ಒಡೆತನವಿಲ್ಲದೆಯೂ ಚೆನ್ನಾಗಿ ಕಾಪಾಡುವದು ಅಸಾಧ್ಯವಲ್ಲವೆಂಬದಕ್ಕೆ ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳು ಸಾಕ್ಷಿ. ಅಲ್ಲಿ ಅಡಿಕೆಯ ತೋಟದವರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಗಳ ವರೆಗೆ ಬೆಟ್ಟದ ಸೊಪ್ಪನ್ನೂ ದರಕನ್ನೂ ತರುವ ಸವಲತ್ತು ಉಂಟು, ಭೂಮಿಯಾದರೋ ಸರಕಾರದ್ದು. ಒಳ್ಳೇ ತೋಟಗಾರನು ಮರವನ್ನು ಬೋಳುಮಾಡದೆ ಕೊಂಬೆಯನ್ನು ಸವರುವನು, ದರಕನ್ನು ಗುಡಿಸಿ ಕೊಟ್ಟಿಗೆಗೆ ತರುವನು; ಇದರಿಂದ ಗೊಬ್ಬರವೂ ಆಗುವದು, ಬೇಸಗೆಯ ಬೆಂಕಿಗೆ ಆಹಾರವೂ ಇಲ್ಲದಾಗುವದು. ನಿಜವಾಗಿ ಯೋಚಿಸಿದರೆ ನಾವೆಲ್ಲರೂ ಬೆಟ್ಟದ ಸವಲತ್ತಿನವರೇ. ಪಹಣಿಯಲ್ಲಿ ಈಗ ಇರುವ ಹೆಸರು ಮೊದಲು ಇರಲಿಲ್ಲ, ಮುಂದೆಯೂ ಇರದು.

"ನಾವು ಬಡವರು, ಒಡ್ಡು ಹಾಕಿಸಲಿಕ್ಕೆ ಹಣವೆಲ್ಲಿ?" ಎಂದು ಬೇರೆ ಕೆಲವರು ಹೇಳುವರು. ಇದು ಭಾರವಾದ ಮಾತು. ಕೈಲಾಗದ್ದನ್ನು ಯಾವ ನ್ಯಾಯವೂ ಯಾರಿಂದಲೂ ಕೇಳದು. ಆದರೆ ಮೇಲೆ ಹೇಳಿದವುಗಳಲ್ಲಿ ಎಷ್ಟಕ್ಕೆ ಹಣ ಬೇಕು? ಅಡ್ಡಲಾಗಿ ಉಳುವದಕ್ಕೆ ಬೇಡ. ಬೆಂಕಿಯ ಬಳಿಯಲ್ಲಿ ನಿಂತು ಕಾಯುವದಕ್ಕೆ ಬೇಡ. ನೆರೆಯವನಿಗೆ ಮುಂದಾಗಿ ತಿಳಿಸುವದಕ್ಕೆ ಬೇಡ. ದೊಡ್ಡ ಕೆಲಸಗಳಿಗೆ ಮುಯ್ಯಾಳಿನ ಪದ್ಧತಿಯನ್ನು ನಮ್ಮ ಹಿರಿಯರೇ ಇಟ್ಟುಹೋಗಿದ್ದಾರೆ. ಇಂದು ನಿನ್ನ ಒಡ್ಡಿಗೆ ನಾನು, ನಾಳೆ ನನ್ನ ಒಡ್ಡಿಗೆ ನೀನು.

"ನೆರೆಯವನು ಮಾಡುವದಿಲ್ಲ, ನಾನೊಬ್ಬನೇ ಮಾಡಿದರೆ ಏನಾದೀತು?" ಎಂಬದು ಕಡೇ ಆಕ್ಷೇಪಣೆ. ನೀರಿನ ವಿಷಯದಲ್ಲಿ ಒಬ್ಬನಿಂದ ಆಗುವದು ಸ್ವಲ್ಪವೇ ಎಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಬೆಂಕಿಯು ಇದಕ್ಕೆ ಬೇರೊಂದು ಉತ್ತರವನ್ನು ಕೊಡುತ್ತದೆ. ಹತ್ತು ಹೊಲಗಳು ಒಣಹುಲ್ಲಿನಿಂದ ತುಂಬಿರುವಾಗ ನಡುವೆ ಒಂದು ಹೊಲದ ಅಂಚು ಶುದ್ಧವಾಗಿದ್ದರೆ, ಅನೇಕ ಸಾರಿ ಬೆಂಕಿಯು ಅಲ್ಲಿಗೆ ಬಂದು ಸೋಲುವದು. ಆ ಒಬ್ಬನ ಜಾಗ್ರತೆಯಿಂದ ಆಚೆಯ ಐದು ಮನೆಗಳು, ತಮಗೆ ಗೊತ್ತೇ ಇಲ್ಲದೆ, ಉಳಿಯುವವು.

ಆದಕಾರಣ ಈ ಬೇಸಗೆಯಲ್ಲಿ ಪ್ರತಿಯೊಂದು ಮನೆಯವರು ಮಾಡಬಹುದಾದ ಕೆಲವು ಕಾರ್ಯಗಳನ್ನು ಹೇಳಿ ಮುಗಿಸುವೆವು.

೧. ಬಣವೆಯನ್ನು ಮನೆಗೂ ವಿದ್ಯುತ್ತಿನ ತಂತಿಗೂ ದೂರವಾಗಿ ಒಟ್ಟಿರಿ. ಹಸಿ ಹುಲ್ಲನ್ನು ಒಟ್ಟಬೇಡಿರಿ. ಅದು ಒಳಗಿಂದೊಳಗೆ ಕಾದು ತಾನಾಗಿಯೇ ಉರಿಯಬಹುದು. ಎರಡು ಬಣವೆಗಳಿದ್ದರೆ ಒಂದಕ್ಕೊಂದು ದೂರವಿರಲಿ.

೨. ಒಲೆಯ ಬೂದಿಯನ್ನು ನೀರು ಚಿಮುಕಿಸದೆ ತಿಪ್ಪೆಗೆ ಹಾಕಬೇಡಿರಿ. ಬೀಡಿಯ ತುಂಡನ್ನು ಕಾಲಿನಿಂದ ಹೊಸಕದೆ ಹೋಗಬೇಡಿರಿ.

೩. ಸುಡದೆ ಆಗುವ ಕೆಲಸಕ್ಕೆ ಬೆಂಕಿಯನ್ನು ಕರೆಯಬೇಡಿರಿ. ಸುಡಲೇಬೇಕಾದರೆ ಸುತ್ತಲೂ ಹುಲ್ಲು ಕೆತ್ತಿ ಬೆಂಕಿರೇಖೆ ಮಾಡಿ, ಗಾಳಿಯಿಲ್ಲದ ಹೊತ್ತಿನಲ್ಲಿ, ನೀರನ್ನೂ ಹಸಿ ಸೊಪ್ಪಿನ ಕೊಂಬೆಗಳನ್ನೂ ಇಟ್ಟುಕೊಂಡು, ಇಬ್ಬರು ಮೂವರು ಕೂಡಿ ಸುಡಿರಿ. ಬೂದಿಯನ್ನು ಕೈಯಿಂದ ಮುಟ್ಟಬಹುದಾಗುವ ತನಕ ಬಿಟ್ಟುಹೋಗಬೇಡಿರಿ.

೪. ಮಳೆಗಿಂತ ಮುಂಚೆ ಒಡ್ಡುಗಳನ್ನು ಸುತ್ತಿ ನೋಡಿರಿ. ಇಲಿಯ ಬಿಲವನ್ನು ಇಂದು ಮುಚ್ಚಲಿಕ್ಕೆ ಒಂದು ಬುಟ್ಟಿ ಮಣ್ಣು ಸಾಕು; ಮೊದಲನೆಯ ದೊಡ್ಡ ಮಳೆಯ ಮರುದಿನ ಬಂಡಿ ಮಣ್ಣೂ ಸಾಲದು. ಹೆಚ್ಚಾದ ನೀರು ಹೋಗುವ ಕೋಡಿಗೆ ಕಲ್ಲು ಹಾಸಿ, ಕೆಳಗಿನವನ ಸಂಗಡ ಮಾತಾಡಿಯೇ ದಾರಿ ಮಾಡಿರಿ.

೫. ಕೆಟ್ಟುಹೋದ ಕೊಳವೆಬಾವಿಯನ್ನು ಈ ವಾರದಲ್ಲಿಯೇ ಮುಚ್ಚಿರಿ.

ಇವು ಚಿಕ್ಕ ಕೆಲಸಗಳು. ಇವುಗಳನ್ನು ಮಾಡಿದವನನ್ನು ಯಾರೂ ಹೊಗಳುವದಿಲ್ಲ. ಯಾಕಂದರೆ ಹತ್ತದೆ ಹೋದ ಬೆಂಕಿಯನ್ನು ಕಂಡವರು ಯಾರು? ಬೀಳದೆ ಹೋದ ಕೂಸಿನ ಹೆಸರನ್ನು ಬಲ್ಲವರು ಯಾರು? ಆದರೆ ಗಡಿಯ ಕಲ್ಲಿನ ಆಚೆ ನೆರೆಯವನು ನಿಶ್ಚಿಂತೆಯಿಂದ ಮಲಗಿರುವದಕ್ಕೂ, ಇನ್ನೂ ಹುಟ್ಟದ ಮಕ್ಕಳು ಒಂದು ದಿನ ಅದೇ ಮಣ್ಣಿನಲ್ಲಿ ಬಿತ್ತುವದಕ್ಕೂ ಇಂಥ ಕೆಲಸಗಳೇ ಆಧಾರ. ಹೊಲವು ನಮ್ಮದೆಂದು ಹೇಳಲಿಕ್ಕೆ ನಮಗೆ ಹಕ್ಕುಂಟು. ಹಾಗೆ ಹೇಳಿದ ಮೇಲೆ ಅದರಿಂದ ಹರಿದು ಹೋಗುವ ನೀರೂ, ಅದರಿಂದ ಹಾರಿ ಹೋಗುವ ಕಿಡಿಯೂ ನಮ್ಮವೇ ಎಂದು ಒಪ್ಪಿಕೊಳ್ಳೋಣ.